ಹೆಬ್ಬೆರಳಿನ ಉಗುರಿಗೆ ಕಾಣದ್ದು: ಹಳೆಯ ರೈಫಲ್‌ಗಳ ನಳಿಗೆ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಅಗ್ಗದ ಬೋರೊಸ್ಕೋಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ಬೋರೊಸ್ಕೋಪ್ ಅಂದರೆ ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಕೋಲು, ದಪ್ಪ ಸುಮಾರು 5 ಮಿಲಿಮೀಟರ್. ತುದಿಯಲ್ಲಿ ಪುಟ್ಟ ಕ್ಯಾಮೆರಾ, ದೀಪ, ಅದರ ಮುಂದೆ ಓರೆಯಾಗಿ ಕೂರಿಸಿದ ಒಂದು ಚೂರು ಕನ್ನಡಿ. ಕನ್ನಡಿ ಇರುವುದರಿಂದ ಅದು ಮುಂದಕ್ಕೆ ನೋಡುವುದಿಲ್ಲ, ಪಕ್ಕದ ಗೋಡೆಯನ್ನು ನೋಡುತ್ತದೆ. ಇನ್ನೊಂದು ತುದಿಯ ತಂತಿಯನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ನಳಿಗೆಯ ಒಳಗೋಡೆ ಪರದೆ ತುಂಬಾ ಕಾಣುತ್ತದೆ. ಮೊದಲೆಲ್ಲ ಇಂಥದ್ದಕ್ಕೆ ನೂರಾರು ಡಾಲರ್ ಕೊಡಬೇಕಿತ್ತು. ಈಗ ಟೆಸ್ಲಾಂಗ್ ಎಂಬ ಕಂಪನಿಯದರಂಥವು 50–60 ಡಾಲರ್‌ಗೆ ಸಿಗುತ್ತವೆ.

ಪ್ರಶ್ನೆ: ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ 1943ರಲ್ಲಿ ತಯಾರಾದ .303 (ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ) ಲೀ-ಎನ್‌ಫೀಲ್ಡ್ ಎಂಬ ಬ್ರಿಟಿಷರ ಕಾಲದ ಮಿಲಿಟರಿ ರೈಫಲ್ ಒಂದನ್ನು ಕೊಂಡೆ. ಅಂಗಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದಾಗ ನಳಿಗೆ ಫಳಫಳ ಹೊಳೆಯುತ್ತಿತ್ತು. ನಿಮ್ಮ ಅಂಕಣ ಓದಿ ಬೋರೊಸ್ಕೋಪ್ ತರಿಸಿ ನೋಡಿದೆ. ಮಳೆಗಾಲ ಮುಗಿದ ಮೇಲಿನ ಮಣ್ಣು ರಸ್ತೆ ಇದ್ದ ಹಾಗಿದೆ! ಕಪ್ಪು ಕಲೆ, ಗುಳಿ, ಬಿರುಕು. ರಾತ್ರಿ ನಿದ್ದೆ ಬರಲಿಲ್ಲ. ನಾನು ಮೋಸ ಹೋದೆನಾ ಸರ್? ವಾಪಸ್ ಕೊಡಲಾ? — ಸಿನ್ಸಿನಾಟಿಯ ಓದುಗರು

ಉತ್ತರ: ಸದ್ಯಕ್ಕೆ ವಾಪಸ್ ಕೊಡಬೇಡಿ. ಒಂದು ವಾರ ತಡೆಯಿರಿ.

ನಾನು ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿದ್ದೆ. ನಮ್ಮ ಹವಾಲ್ದಾರರು .303 ರೈಫಲ್ ತಪಾಸಣೆ ಮಾಡುತ್ತಿದ್ದ ರೀತಿ ಇನ್ನೂ ಕಣ್ಣಮುಂದಿದೆ. ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿ) ತೆಗೆಸಿ, ಹಿಂದಿನ ತೂತಿನ ಹತ್ತಿರ ನಮ್ಮ ಹೆಬ್ಬೆರಳು ಇಡಿಸುತ್ತಿದ್ದರು. ಉಗುರಿನ ಮೇಲೆ ಬಿದ್ದ ಬಿಸಿಲು ನಳಿಗೆಯೊಳಗೆ ಹೋಗುತ್ತದೆ. ಅವರು ಮೂತಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಹೊಳೆದರೆ "ಠೀಕ್" ಅನ್ನುತ್ತಿದ್ದರು. ಮಸುಕಾಗಿದ್ದರೆ ಚಿಂದಿ, ಎಣ್ಣೆ, ಪುಲ್‌ಥ್ರೂ (ಚಿಂದಿ ಕಟ್ಟಿ ನಳಿಗೆಯೊಳಗೆ ಎಳೆಯುವ ದಾರ) ಹಿಡಿದು ಮತ್ತೆ ಕೂರಬೇಕು. ಕೋಟಿಗಟ್ಟಲೆ ಸೈನಿಕರ ರೈಫಲ್ಲುಗಳನ್ನು ಎರಡು ಮಹಾಯುದ್ಧಗಳಲ್ಲಿ ನೋಡಿದ್ದು ಹೆಚ್ಚಾಗಿ ಹೀಗೇ. ನೀವು ಟಾರ್ಚ್ ಬಿಟ್ಟು ನೋಡಿದ್ದೂ ಅದನ್ನೇ. ಆ ನೋಟ ಸುಳ್ಳಲ್ಲ. ನಳಿಗೆಯ ಒಳಗೆ ಎತ್ತರದ ಏಣುಗಳು ಮತ್ತು ಅವುಗಳ ಮಧ್ಯೆ ಸುರುಳಿಯಾಗಿ ಹೋಗುವ ಕಾಲುವೆಗಳು ಇರುತ್ತವೆ, ಅಲ್ವಾ? ನಿಮ್ಮ ರೈಫಲ್‌ನಲ್ಲಿ ಐದು ಕಾಲುವೆ. ಎಡಕ್ಕೆ ತಿರುಗುತ್ತವೆ, ಹತ್ತು ಇಂಚಿಗೆ ಒಂದು ಸುತ್ತು. ಉದ್ದಕ್ಕೆ ನೋಡಿದಾಗ ಏಣುಗಳ ಮೇಲ್ಮೈ ಬೆಳಕನ್ನು ಚಪ್ಪಟೆಯಾಗಿ ಎಸೆಯುತ್ತದೆ, ಎಲ್ಲವೂ ಹೊಳೆಯುತ್ತದೆ. ಕಾಲುವೆಯ ಮೂಲೆಯಲ್ಲಿ ಕೂತ ತುಕ್ಕು ಕಾಣುವುದೇ ಇಲ್ಲ. ಬೋರೊಸ್ಕೋಪ್ ಅದೇ ಗೋಡೆಯನ್ನು ನೇರ ಎದುರಿನಿಂದ, ಬಹಳ ದೊಡ್ಡದಾಗಿ ಮಾಡಿ ತೋರಿಸುತ್ತದೆ.

ನಾನು ಬೆಂಗಳೂರಿನ ಒಂದು ಯಂತ್ರ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಇಪ್ಪತ್ತಾರು ವರ್ಷ ತಪಾಸಣೆ ಕೆಲಸ ಮಾಡಿದವನು. ಹೊಸದಾಗಿ ಹೋನಿಂಗ್ ಮಾಡಿದ, ಅಂದರೆ ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ ಸಿಲಿಂಡರನ್ನು ದೊಡ್ಡ ಗಾಜಿನಡಿ ಇಟ್ಟರೆ ಅದೂ ಉತ್ತ ಹೊಲದ ಹಾಗೇ ಕಾಣುತ್ತದೆ. ಹೊಸ ಹುಡುಗರು ಅದನ್ನು ನೋಡಿ ಒಳ್ಳೆಯ ಭಾಗವನ್ನು ರಿಜೆಕ್ಟ್ ಡಬ್ಬಕ್ಕೆ ಹಾಕಿಬಿಡುತ್ತಿದ್ದರು. ಬೋರೊಸ್ಕೋಪ್ ಕೊಂಡ ಮೊದಲ ವಾರದಲ್ಲಿ ಎಲ್ಲರಿಗೂ ಆಗುವುದು ಇದೇ. ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಚೆನ್ನಾಗಿ ಗುರಿ ಹೊಡೆಯುವ ಇನ್ನೊಂದು ರೈಫಲ್ ಇದ್ದರೆ ಮೊದಲು ಅದರೊಳಗೆ ನೋಡಿ. ಅದೂ ಗಾಬರಿ ಹುಟ್ಟಿಸುತ್ತದೆ. ಆಮೇಲೆ ಈ ಇಷಾಪುರದ ನಳಿಗೆಯನ್ನು ಸಮಾಧಾನವಾಗಿ ನೋಡಬಹುದು.

ಎರಡನೆಯದು, ನೀವು ತೊಳೆಯದೆ ನೋಡಿದ್ದೀರಿ. ನೀವು ಕಳಿಸಿದ ಮೊದಲ ಚಿತ್ರದಲ್ಲಿ ಏಣುಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟೆ ಇದೆ, ಅದು ತಾಮ್ರ. ಗುಂಡಿನ ಹೊರಕವಚ ಉಜ್ಜಿ ಉಳಿದದ್ದು. ಅದರ ಪಕ್ಕದ ಕಪ್ಪು, ಸುಟ್ಟ ಮದ್ದಿನ ಮಸಿ. ಇವೆರಡೂ ನಿಮ್ಮ ರೈಫಲ್‌ನ ರೋಗವಲ್ಲ, ಕೊಳೆ. ಒಂದು ಕರಿ ಚುಕ್ಕೆ ಗುಳಿಯೋ, ಅಂಟಿದ ಕೊಳೆಯೋ ಅಂತ ತಿಳಿಯಲು ನೆರಳು ನೋಡಿ. ಗುಳಿಯಾಗಿದ್ದರೆ ನೆರಳು ದೀಪ ಇರುವ ಕಡೆಯ ಅಂಚಿನಲ್ಲಿ ಬೀಳುತ್ತದೆ. ಮೇಲೆದ್ದ ಕೊಳೆಯಾಗಿದ್ದರೆ ಆಚೆ ಕಡೆ ಬೀಳುತ್ತದೆ. ಇದೊಂದು ಅಭ್ಯಾಸವಾದರೆ ಅರ್ಧ ಭಯ ಹೋಗುತ್ತದೆ.

ತೊಳೆಯುವುದು ಹೀಗೆ. ರೈಫಲ್ ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ಬೋಲ್ಟ್ ಹೊರಗೆ ತೆಗೆಯಿರಿ. ಆ ಬೋಲ್ಟನ್ನು ಬೇರೆ ರೈಫಲ್‌ನದರ ಜೊತೆ ಸೇರಿಸಬೇಡಿ, ಲೀ-ಎನ್‌ಫೀಲ್ಡ್‌ನಲ್ಲಿ ಪ್ರತಿ ಬೋಲ್ಟೂ ತನ್ನ ರೈಫಲ್‌ಗೇ ಹೊಂದಿಸಿದ್ದು. ಕೊಳವೆ ಇಟ್ಟು ಹಿಂದಿನಿಂದ ಕುದಿಯುವ ನೀರು ಹುಯ್ಯಿರಿ. ನೀರು ಅಂದರೆ ಕೆಲವರು ಹೌಹಾರುತ್ತಾರೆ. ಆದರೆ ಈ ರೈಫಲ್‌ಗೆ ನೀರೇ ಮದ್ದು. ಹಳೆಯ ಮಿಲಿಟರಿ ತೋಟಾಗಳ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಹೆಚ್ಚುಕಡಿಮೆ ಅಡುಗೆ ಉಪ್ಪಿನ ತಮ್ಮ. ಗಾಳಿಯ ತೇವ ಎಳೆದುಕೊಂಡು ಕೂರುತ್ತದೆ, ಕೂತ ಕಡೆ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುತ್ತದಾ? ಇಲ್ಲ. ಎಣ್ಣೆ ಹಾಕಿ ಒರೆಸಿದ ಸೈನಿಕ ತನ್ನ ಕೆಲಸ ಮುಗಿಯಿತು ಅಂದುಕೊಂಡ, ಉಪ್ಪು ಎಣ್ಣೆಯ ಕೆಳಗೆ ತನ್ನ ಕೆಲಸ ಮುಂದುವರಿಸಿತು. ನೀವು ನೋಡುತ್ತಿರುವ ಗುಳಿಗಳಲ್ಲಿ ಹೆಚ್ಚಿನವು ಹಾಗೆ ಆದವು. ಬ್ರಿಟಿಷ್ ಸೇನೆಯಲ್ಲಿ ಗುಂಡು ಹಾರಿಸಿದ ಮೇಲೆ ಕುದಿನೀರು ಹುಯ್ಯುವ ಪದ್ಧತಿ ಇತ್ತು. ಆದರೆ ಬರ್ಮಾದ ಕಾಡಿನ ಮಳೆಯಲ್ಲಿ ದಿನವೂ ಕುದಿನೀರು ಎಲ್ಲಿಂದ ಬರಬೇಕು?

ನೀರಾದ ಮೇಲೆ ಒಣಗಿಸಿ, ಸಾಲ್ವೆಂಟ್ ಹಾಕಿದ ಕಂಚಿನ ಬ್ರಷ್ ಹತ್ತಾರು ಸಲ ಎಳೆಯಿರಿ. ಯಾವಾಗಲೂ ಚೇಂಬರಿನ ಕಡೆಯಿಂದ, ಅಂದರೆ ತೋಟಾ ಕೂರುವ ಹಿಂದಿನ ತುದಿಯಿಂದ. ಆಮೇಲೆ ತಾಮ್ರ ಕರಗಿಸುವ ಅಮೋನಿಯಾ ಇರುವ ದ್ರಾವಣ. ಚಿಂದಿ ನೀಲಿಯಾಗಿ ಹೊರಬರುತ್ತದೆ. ನೀಲಿ ನಿಲ್ಲುವ ತನಕ ಮಾಡಿ, ಆದರೆ ದ್ರಾವಣವನ್ನು ರಾತ್ರಿಯೆಲ್ಲ ಒಳಗೆ ಬಿಡಬೇಡಿ. ಎಂಬತ್ತು ವರ್ಷದ ಕೊಳೆ ಒಂದೇ ಸಂಜೆಗೆ ಹೋಗುವುದಿಲ್ಲ. ನನ್ನದಕ್ಕೆ ಐದು ಸಂಜೆ ಬೇಕಾಯಿತು. ಕೊನೆಗೆ ಒಣ ಚಿಂದಿ ಹಾಕಿ ಎಣ್ಣೆಯನ್ನೂ ತೆಗೆದು ನೋಡಿ. ಎಣ್ಣೆ ಇದ್ದರೆ ದೀಪ ಪ್ರತಿಫಲಿಸಿ ಬರೀ ಬಿಳಿ ಮಿಂಚು ಕಾಣುತ್ತದೆ.

ಈಗ ಆ ಬಿರುಕಿನ ಮಾತು. ಚೇಂಬರ್ ಮುಗಿದು ಕಾಲುವೆಗಳು ಶುರುವಾಗುವ ಜಾಗಕ್ಕೆ ಥ್ರೋಟ್ ಅನ್ನುತ್ತೇವೆ, ಗಂಟಲು. ನಿಮ್ಮ ಮೂರನೇ ಚಿತ್ರದಲ್ಲಿ ಅಲ್ಲಿ ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಹಾಗೆ ಬಿರುಕಿನ ಜಾಲ ಇದೆ. ಇದು ಕಾರ್ಡೈಟ್ ಎಂಬ ಹೊಗೆರಹಿತ ಮದ್ದಿನ ಗುರುತು. ಮೊದಲ ಕಾರ್ಡೈಟ್‌ನಲ್ಲಿ ನೂರಕ್ಕೆ 58 ಭಾಗ ನೈಟ್ರೋಗ್ಲಿಸರಿನ್. ಬೆಂಕಿ ಎಷ್ಟು ಬಿಸಿ ಎಂದರೆ ಲೀ-ಎನ್‌ಫೀಲ್ಡ್‌ಗಿಂತ ಮೊದಲಿನ ಲೀ-ಮೆಟ್‌ಫರ್ಡ್ ರೈಫಲ್‌ನ ಆಳವಿಲ್ಲದ, ಗುಂಡಗಿನ ಅಂಚಿನ ಕಾಲುವೆಗಳು ಬೇಗ ಸವೆದುಹೋದವು. ಅವು ಕರಿಮದ್ದಿನ ಕಾಲಕ್ಕೆ ಮಾಡಿದ್ದವು. 1895ರಲ್ಲಿ ಆಳವಾದ, ಚೌಕ ಅಂಚಿನ ಐದು ಕಾಲುವೆಗಳ ಎನ್‌ಫೀಲ್ಡ್ ನಳಿಗೆ ಬಂದದ್ದೇ ಈ ಕಾರಣಕ್ಕೆ. ಆಮೇಲೆ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ ಅನ್ನು 30ಕ್ಕೆ ಇಳಿಸಿದರು. ನಮ್ಮ ಗುಂಡ್ಲುಪೇಟೆ ದಾಟಿ ಊಟಿಗೆ ಹೋದವರು ಕೂನೂರಿನ ದಾರಿಯಲ್ಲಿ ಅರುವಂಕಾಡು ನೋಡಿರುತ್ತಾರೆ. ಅಲ್ಲಿರುವ ಹಳೆಯ ಕಾರ್ಖಾನೆಯ ಹೆಸರೇ ಕಾರ್ಡೈಟ್ ಫ್ಯಾಕ್ಟರಿ. ಬಿರುಕು ಗಂಟಲಿನ ಒಂದೆರಡು ಇಂಚಿಗೆ ಮುಗಿದು, ಅದರಾಚೆ ಏಣಿನ ಅಂಚುಗಳು ಚೂಪಾಗಿದ್ದರೆ ಚಿಂತೆ ಇಲ್ಲ. ನಿಮ್ಮ ಚಿತ್ರದಲ್ಲಿ ಚೂಪಾಗಿಯೇ ಇವೆ.

ನನ್ನದೊಂದು ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ನನ್ನ ಬಳಿಯೂ ಇಷಾಪುರದ್ದೇ ಒಂದು ರೈಫಲ್ ಇತ್ತು. ಬೋರೊಸ್ಕೋಪ್ ಬರುವ ಮೊದಲು ಅದು ನೂರು ಗಜಕ್ಕೆ ಐದು ಗುಂಡುಗಳನ್ನು ಮೂರೂವರೆ ಇಂಚಿನೊಳಗೆ ಹಾಕುತ್ತಿತ್ತು. ಆ ಕಾಲದ ಮಿಲಿಟರಿ ರೈಫಲ್‌ಗೆ ಅದು ಒಳ್ಳೆಯ ಕೆಲಸ. ಒಳಗೆ ನೋಡಿದೆ, ಗುಳಿ ಕಂಡಿತು, ಸಹಿಸಲಾಗಲಿಲ್ಲ. ಉಜ್ಜುವ ಪೇಸ್ಟ್ ತಂದು ಎರಡು ದಿನ ಉಜ್ಜಿದೆ. ಗುಳಿ ಹೋಗಲಿಲ್ಲ, ಗುಳಿ ಅಂದರೆ ಇಲ್ಲದ ಉಕ್ಕು, ಉಜ್ಜಿದರೆ ಅದು ಬರುತ್ತದಾ? ಹೋದದ್ದು ಏಣಿನ ಅಂಚು. ಈಗ ಅದೇ ರೈಫಲ್ ಆರು ಇಂಚಿಗೆ ಹರಡುತ್ತದೆ. ಯುದ್ಧ ಕಂಡು ಉಳಿದುಬಂದ ನಳಿಗೆಯನ್ನು ನನ್ನ ಕೈಯಾರೆ ಹಾಳು ಮಾಡಿದ ಬೇಸರ ಇವತ್ತಿಗೂ ಹೋಗಿಲ್ಲ.

ಹಾಗಾಗಿ ತೊಳೆಯಿರಿ, ನೋಡಿ, ಚಿತ್ರಗಳನ್ನು ತಾರೀಖು ಹಾಕಿ ಇಟ್ಟುಕೊಳ್ಳಿ. ಒಬ್ಬ ಒಳ್ಳೆಯ ಗನ್‌ಸ್ಮಿತ್ ಬಳಿ ಹೆಡ್‌ಸ್ಪೇಸ್ (ತೋಟಾದ ಹಿಂಬದಿಗೆ ಬೋಲ್ಟ್ ಬಿಡುವ ಜಾಗ) ಅಳೆಸಿ. ಆಮೇಲೆ ರೇಂಜಿಗೆ ಹೋಗಿ ಹತ್ತು ಗುಂಡು ಹಾರಿಸಿ. ಕಾಗದದಲ್ಲಿ ತೂತುಗಳು ದುಂಡಗಿದ್ದರೆ ಗುಂಡು ಸರಿಯಾಗಿ ತಿರುಗುತ್ತಿದೆ. ಬೀಗದ ಕೈ ಹಾಕುವ ತೂತಿನ ಹಾಗೆ ಉದ್ದುದ್ದ ಬಿದ್ದರೆ ಗುಂಡು ಅಡ್ಡಡ್ಡ ಹೋಗುತ್ತಿದೆ, ಕಾಲುವೆಗಳು ಅದನ್ನು ಹಿಡಿಯುತ್ತಿಲ್ಲ ಅಂತ ಅರ್ಥ. ಆಗ ವಾಪಸ್ಸಿನ ಮಾತು ಆಡೋಣ. ಆ ಹತ್ತು ತೂತುಗಳ ಕಾಗದದ ಚಿತ್ರವನ್ನು ನನಗೆ ಕಳಿಸಿ, ದಯವಿಟ್ಟು.

ಪ್ರಶ್ನೆ: ಚಿತ್ರ ಮಂಜು ಮಂಜು. ಅಗ್ಗದ ಮಾಲು ಅಂದರೆ ಇಷ್ಟೇನಾ? — ನ್ಯೂಜೆರ್ಸಿಯ ಓದುಗರು

ಉತ್ತರ: ಅಲ್ಲ. ಕನ್ನಡಿ ಇರುವ ಪುಟ್ಟ ಕೊಳವೆ ತಿರುಪಿನ ಮೇಲೆ ಕೂತಿರುತ್ತದೆ. ಅದನ್ನು ನಿಧಾನವಾಗಿ ತಿರುಗಿಸಿದರೆ ಫೋಕಸ್ ಬದಲಾಗುತ್ತದೆ. .22ಕ್ಕೆ ಒಂದು ಜಾಗ, .30ಕ್ಕೆ ಇನ್ನೊಂದು ಜಾಗ. ಹತ್ತಿಯ ಕಡ್ಡಿಗೆ ಸ್ಪಿರಿಟ್ ಹಚ್ಚಿ ಕನ್ನಡಿ ಒರೆಸಿ. ಒಂದು ಎಚ್ಚರಿಕೆ: ತಿರುಪು ಸಡಿಲವಾಗಿಲ್ಲ ಅಂತ ಪ್ರತಿ ಸಲ ನೋಡಿಕೊಳ್ಳಿ. ಕನ್ನಡಿ ಒಳಗೆ ಬಿದ್ದರೆ ಹುಡುಕಿ ತೆಗೆಯದೆ ಆ ರೈಫಲ್‌ನಲ್ಲಿ ಗುಂಡು ಹಾರಿಸುವ ಹಾಗಿಲ್ಲ.

ಪ್ರಶ್ನೆ: ಗನ್ ಶೋಗೆ ಬೋರೊಸ್ಕೋಪ್ ತೆಗೆದುಕೊಂಡು ಹೋಗಬಹುದಾ? ರಷ್ಯಾದ ಹಳೆಯ ಮಿಲಿಟರಿ ರೈಫಲ್ ಮೋಸಿನ್-ನಗಾಂತ್ ಕೊಳ್ಳುವ ಆಸೆ ಇದೆ. ಮೊದಲು ಎಲ್ಲಿ ನೋಡಬೇಕು? — ಡಲ್ಲಾಸ್‌ನ ಓದುಗರು

ಉತ್ತರ: ಮಾರುವವರನ್ನು ಕೇಳಿ. ಬಹಳ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಮುಂದಿನ ಮೇಜಿಗೆ ಹೋಗಿ, ಜಗಳ ಬೇಡ. ಅವರ ರೈಫಲ್ ತೊಳೆಯುವ ಹಾಗಿಲ್ಲವಲ್ಲ, ಅದಕ್ಕೆ ಅಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಎರಡು ಜಾಗ ಸಾಕು: ಮೂತಿಯ ಕೊನೆಯ ಇಂಚು ಮತ್ತು ಗಂಟಲು.

ಮೂತಿ ಏಕೆ ಅಂದರೆ, ಗುಂಡು ನಳಿಗೆಯನ್ನು ಕೊನೆಯದಾಗಿ ಮುಟ್ಟುವುದು ಅಲ್ಲಿ. ಮೋಸಿನ್ ರೈಫಲ್ಲುಗಳನ್ನು ಸೈನಿಕರು ಉಕ್ಕಿನ ಸಲಾಕೆಯಿಂದ ಮೂತಿಯ ಕಡೆಯಿಂದಲೇ ಉಜ್ಜುತ್ತಿದ್ದರು. ಸಲಾಕೆ ಒಂದೇ ಕಡೆ ಉಜ್ಜಿ ಉಜ್ಜಿ ದುಂಡಗಿನ ತೂತು ಮೊಟ್ಟೆಯಾಕಾರ ಆಗುತ್ತದೆ. ಸೋವಿಯತ್ ಕಾರ್ಖಾನೆಗಳು ಇದಕ್ಕೆ ಒಂದು ಉಪಾಯ ಮಾಡಿದವು. ಸವೆದ ಭಾಗವನ್ನು ದೊಡ್ಡ ಡ್ರಿಲ್‌ನಿಂದ ಕೊರೆದು ತೆಗೆದು, ಒಳಗಡೆ ಹೊಸ ಮೂತಿ ಮಾಡಿದವು. ಕೌಂಟರ್‌ಬೋರ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ "ಅಯ್ಯೋ, ಮೂತಿಯಲ್ಲಿ ಕಾಲುವೆಯೇ ಇಲ್ಲ" ಅನಿಸುತ್ತದೆ. ಬೋರೊಸ್ಕೋಪ್ ಸ್ವಲ್ಪ ಒಳಗೆ ತಳ್ಳಿದರೆ ಒಂದು ಮೆಟ್ಟಿಲು, ಅದರಾಚೆ ನಾಲ್ಕು ಕಾಲುವೆಗಳು ಶುರುವಾಗುತ್ತವೆ. ಆ ಮೆಟ್ಟಿಲಿನ ಅಂಚು ಸುತ್ತಲೂ ಸಮನಾಗಿದ್ದರೆ ಧೈರ್ಯವಾಗಿ ಕೊಳ್ಳಿ. ಕೊಳ್ಳುವ ಬೆಲೆಯಲ್ಲಿ ಚೌಕಾಸಿ ಮಾಡಲು ಅದು ಕಾರಣವಾಗುತ್ತದೆ ಅಷ್ಟೆ. ತುಕ್ಕು ಹಿಡಿಯದಿರಲಿ ಅಂತ ಹಚ್ಚುವ ಕಾಸ್ಮೊಲೀನ್ ಗ್ರೀಸು ತುಂಬಿದ್ದರೆ ಕೋಲನ್ನು ಒಳಗೆ ಹಾಕಲೇಬೇಡಿ, ಕನ್ನಡಿ ಮುಚ್ಚಿಹೋಗುತ್ತದೆ.

ಇನ್ನೊಂದನ್ನು ಮಾತ್ರ ಬಿಡಬೇಡಿ. ನಳಿಗೆಯ ಮಧ್ಯೆ ಎಲ್ಲಾದರೂ ಉಂಗುರದ ಹಾಗೆ ಸುತ್ತಲೂ ಕಪ್ಪು ನೆರಳು ಕಂಡರೆ, ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿ ನಳಿಗೆ ಉಬ್ಬಿದೆ ಅಂತ ಅರ್ಥ. ಹೊರಗೆ ಬೆರಳು ಸವರಿದರೂ ಕೆಲವೊಮ್ಮೆ ತಿಳಿಯುತ್ತದೆ. ಅದನ್ನು ಮೇಜಿನ ಮೇಲೆಯೇ ಬಿಟ್ಟು ಬನ್ನಿ.

ಪಕ್ಕದ ಮೇಜಿನಲ್ಲಿ ಸ್ವೀಡನ್ನಿನ 6.5 ಮಿಲಿಮೀಟರ್ ಮೌಸರ್ ಕಂಡರೆ ಅದರ ಹಿಡಿಯ ಬಲಗಡೆ ಹಿತ್ತಾಳೆಯ ಬಿಲ್ಲೆ ನೋಡಿ. ಸ್ವೀಡನ್ ಸೇನೆಯ ತಪಾಸಣೆಯವರು ನಳಿಗೆಯ ಸ್ಥಿತಿಯನ್ನು 1, 2, 3 ಅಂತ ಅದರ ಮೇಲೆಯೇ ಗುರುತು ಮಾಡುತ್ತಿದ್ದರು. ಸಂಖ್ಯೆ ಏರಿದಷ್ಟೂ ತುಕ್ಕು ಜಾಸ್ತಿ. 3 ಬಂದ ರೈಫಲ್ಲನ್ನೂ ಅವರು ಎಸೆಯಲಿಲ್ಲ, ಸೈನಿಕನ ಕೈಗೇ ಕೊಟ್ಟರು. ತಪಾಸಣೆ ಕೆಲಸ ಮಾಡಿದ ನನಗೆ ಆ ಬಿಲ್ಲೆ ನೋಡಿದಾಗಲೆಲ್ಲ ಖುಷಿಯಾಗುತ್ತದೆ. ತಪಾಸಣೆಯ ಫಲಿತಾಂಶ ವಸ್ತುವಿನ ಜೊತೆಗೇ ಇರುವುದು ಎಷ್ಟು ಒಳ್ಳೆಯ ಪದ್ಧತಿ!

ಪ್ರಶ್ನೆ: ನನ್ನ .303ರ ನಳಿಗೆಗೆ ಸೀಸದ ಗುಂಡು ತಳ್ಳಿ, ಹೊರಬಂದ ಮೇಲೆ ಆ ಗುಂಡನ್ನು ಅಳೆದೆ. ಕ್ಯಾಲಿಪರ್ ಪ್ರತಿ ಸಲ ಬೇರೆ ಬೇರೆ ಅಳತೆ ಕೊಡುತ್ತಿದೆ. ಅಳತೆ ಯಾವುದು ಸರಿ? — ಮಿಲ್ಪಿಟಾಸ್‌ನ ಓದುಗರು

ಉತ್ತರ: ಯಾವುದೂ ಅಲ್ಲ. ನಿಮ್ಮ ನಳಿಗೆಯಲ್ಲಿ ಐದು ಕಾಲುವೆ, ಐದು ಬೆಸ ಸಂಖ್ಯೆ. ಒಂದು ಕಾಲುವೆಯ ನೇರ ಎದುರಿಗೆ ಏಣು ಇರುತ್ತದೆ, ಇನ್ನೊಂದು ಕಾಲುವೆ ಇರುವುದಿಲ್ಲ. ಕ್ಯಾಲಿಪರಿನ ಎರಡು ದವಡೆಗಳು ಕಾಲುವೆಯಿಂದ ಕಾಲುವೆಗೆ ಕೂರುವುದೇ ಇಲ್ಲ. ಐದು ಕಾಲುವೆಗೆಂದೇ ಮಾಡಿದ ವಿ-ಆನ್ವಿಲ್ ಮೈಕ್ರೋಮೀಟರ್ (ವಿ ಆಕಾರದ ಗೂಡಿನಲ್ಲಿ ಗುಂಡನ್ನು ಕೂರಿಸಿ ಅಳೆಯುವ ಸಾಧನ) ಬೇಕು. ಯಾವುದಾದರೂ ಟೂಲ್‌ರೂಮಿನಲ್ಲಿ ಕೇಳಿ ನೋಡಿ. ನಿಮ್ಮದು ಲೀ-ಎನ್‌ಫೀಲ್ಡ್‌ನ ಯುದ್ಧಕಾಲದ ನಂ. 4 ಮಾದರಿಯ ರೈಫಲ್ ಆಗಿ, ಒಳಗೆ ಎರಡೇ ಕಾಲುವೆ ಕಂಡರೆ ಗಾಬರಿ ಬೇಡ. ಕೆಲಸ ಬೇಗ ಮುಗಿಯಲಿ ಅಂತ ಉತ್ತರ ಅಮೆರಿಕದ ಕಾರ್ಖಾನೆಗಳು ಬೇಕೆಂದೇ ಎರಡು ಕಾಲುವೆಯ ನಳಿಗೆಗಳನ್ನು ಮಾಡಿದವು.

ಪ್ರಶ್ನೆ: ನಮ್ಮದು ಕೊಡಗು. ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಯ ಕೋವಿಗಳನ್ನು ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡುತ್ತೇವೆ. ಒಂದು ಹಳೆಯ ಮೂತಿಯಿಂದ ಮದ್ದು ತುಂಬುವ ಕೋವಿ, ಒಂದು 12 ಬೋರ್ ಜೋಡಿ ನಳಿಗೆಯ ಚರೆ ಕೋವಿ. ಮಗ ಅಮೆರಿಕದಿಂದ ಬೋರೊಸ್ಕೋಪ್ ತಂದಿದ್ದಾನೆ. ಇವಕ್ಕೂ ಹಾಕಬಹುದೇ? — ವಿರಾಜಪೇಟೆಯ ಓದುಗರು

ಉತ್ತರ: ಹಾಕಬಹುದು ಅಕ್ಕ, ಆದರೆ ಮೂತಿಯಿಂದ ತುಂಬುವ ಕೋವಿಗೆ ಈಗಲೇ ಬೇಡ. ತಾತನ ಕಾಲದಿಂದ ಗೋಡೆಯ ಮೇಲಿರುವ ಇಂಥ ಕೋವಿಗಳಲ್ಲಿ ಎಷ್ಟೋ ಸಲ ಮದ್ದು, ಗುಂಡು ಇನ್ನೂ ಒಳಗೇ ಇರುತ್ತವೆ. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ಮಗನಿಗೆ ಹೇಳಿ: ಮೂತಿಯನ್ನು ಜನರಿಲ್ಲದ ಕಡೆ ತಿರುಗಿಸಿ, ಒಂದು ಮರದ ಕೋಲನ್ನು ಮೆಲ್ಲಗೆ ತಳ ಮುಟ್ಟುವ ತನಕ ಬಿಡಲಿ. ಮೂತಿಯ ಹತ್ತಿರ ಕೋಲಿನ ಮೇಲೆ ಗೆರೆ ಹಾಕಲಿ. ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದು ನೋಡಲಿ. ಕೋಲಿನ ತುದಿ ಕಿಡಿ ಹೋಗುವ ತೂತಿನ ತನಕ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಆಗ ಯಾರೂ ಅದನ್ನು ಕೆದಕಬಾರದು, ದೀಪ ಇರುವ ಕ್ಯಾಮೆರಾವನ್ನೂ ಹಾಕಬಾರದು. ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ಒಪ್ಪಿಸಿ.

12 ಬೋರ್ ನಳಿಗೆಯಲ್ಲಿ ಕಾಲುವೆ ಇಲ್ಲ, ನುಣುಪು. ಅಗಲ ಸುಮಾರು 18.5 ಮಿಲಿಮೀಟರ್ ಆದ್ದರಿಂದ ಕೋಲನ್ನು ಮಧ್ಯದಲ್ಲಿ ಹಿಡಿದರೆ ಗೋಡೆ ದೂರವಾಗಿ ಚಿತ್ರ ಮಸುಕಾಗುತ್ತದೆ. ಕೋಲನ್ನು ಗೋಡೆಗೆ ತಾಗಿಸಿ, ಕನ್ನಡಿಯನ್ನು ಆ ಗೋಡೆಯ ಕಡೆಗೇ ತಿರುಗಿಸಿ ಎಳೆಯಿರಿ. ಸೀಸದ ಚರೆ ಉಜ್ಜಿದ ಬೂದು ಪಟ್ಟೆಗಳು ಕಾಣುತ್ತವೆ, ಅವು ಬ್ರಷ್‌ಗೆ ಹೋಗುತ್ತವೆ. ಎರಡು ನಳಿಗೆಗಳೂ ಹಿಂದೆ ಚೇಂಬರಿನ ಹತ್ತಿರ ಹೇಗಿವೆ ಅಂತ ಮುಖ್ಯವಾಗಿ ನೋಡಿ, ಒತ್ತಡ ಜಾಸ್ತಿ ಅಲ್ಲಿಯೇ. ನಳಿಗೆಯ ಹೊರಮೈಯಲ್ಲಿ ಹೆಣೆದ ಬಳ್ಳಿಯ ಹಾಗೆ, ಸುರುಳಿ ಸುರುಳಿಯಾಗಿ ಚಿತ್ತಾರ ಇದೆಯಾ? ಇದ್ದರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಬೆಸುಗೆಯ ಸಂದಿನಲ್ಲಿ ಒಳಗೊಳಗೇ ತುಕ್ಕು ಹರಿದಿರಬಹುದು, ಯಾವ ಬೋರೊಸ್ಕೋಪಿಗೂ ಅದು ಕಾಣುವುದಿಲ್ಲ. ಅಂಥದ್ದರಲ್ಲಿ ಈಗಿನ ತೋಟಾ ಹಾಕಬೇಡಿ, ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಹೊಡೆಯಲು ಕೂಡ. ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹೂ ಇಟ್ಟು ಪೂಜೆ ಮಾಡಿ. ಕೊಡಗಿನ ಮಳೆಗಾಲ ಅಂದರೆ ಗೊತ್ತಲ್ಲ, ಸೆಪ್ಟೆಂಬರ್ ತನಕ ಕಾಯದೆ ಜುಲೈನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಎಣ್ಣೆಯ ಚಿಂದಿ ಎಳೆದಿಡಿ.